ಗೊರಕೆಯೂ ನಿದ್ರಾದೋಷಗಳೂ



ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ತತ್ತ್ವ, ಇತಿಹಾಸ, ಸಾಹಿತ್ಯಗಳಿಗೆ ಸ್ಥಳ ದೊರೆಯುವುದು ಸಹಜವೇ ಸರಿ. ಅವುಗಳ ನಡುವೆ ಗೊರಕೆಯೆಂಬ ವಿಷಯವನ್ನು ಎತ್ತಿಕೊಂಡುದನ್ನು ಕಂಡು ಕೆಲವರಿಗೆ ನಗೆ ಬಂದೀತು. ಬರಲಿ. ಗೊರಕೆಯ ಮಾತು ಬಂದಾಗ ನಗದವರು ವಿರಳ. ಆ ನಗೆಯೇ ಈ ವಿಷಯದ ಮೊದಲನೆಯ ತೊಡಕಾಗಿರುವುದು. ನೆಗಡಿಯಾದವನನ್ನು ಕಂಡು ಯಾರೂ ನಗುವುದಿಲ್ಲ. ಕೆಮ್ಮುವವನಿಗೆ ಮನೆಯವರು ಕಷಾಯ ಮಾಡಿಕೊಡುವರು. ಗೊರಕೆ ಹೊಡೆಯುವವನಿಗೆ ಮಾತ್ರ ಕುಂಭಕರ್ಣನೆಂದು ಹೆಸರಿಟ್ಟು, ಅವನ ಹಾಸಿಗೆಯನ್ನು ಪಡಸಾಲೆಗೆ ಸಾಗಿಸಿ, ಬೆಳಗಾಗುತ್ತಲೆ ನಾಲ್ಕು ಜನರೆದುರಿಗೆ ಅವನ ಧ್ವನಿಯನ್ನು ಅಣಕಿಸಿ ತೋರಿಸುವರು. ಅಲ್ಲಿಗೆ ಚಿಕಿತ್ಸೆ ಮುಗಿದಂತೆ.

ಆಯುರ್ವೇದದ ಆಚಾರ್ಯರು ನಿದ್ರೆಯನ್ನು ಇಷ್ಟು ಹಗುರವಾಗಿ ಎಣಿಸಿದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ದೇಹವನ್ನು ಧರಿಸಿ ನಿಲ್ಲಿಸುವ ಮೂರು ಉಪಸ್ತಂಭಗಳು ಹೇಳಲ್ಪಟ್ಟಿವೆ. ಅವು ಆಹಾರ, ನಿದ್ರೆ, ಬ್ರಹ್ಮಚರ್ಯ. ಅದೇ ಸ್ಥಾನದ 21ನೆಯ ಅಧ್ಯಾಯದಲ್ಲಿ ಸುಖದುಃಖಗಳೂ, ಪುಷ್ಟಿಕಾರ್ಶ್ಯಗಳೂ, ಬಲಾಬಲಗಳೂ, ಜ್ಞಾನಾಜ್ಞಾನಗಳೂ, ಕಡೆಗೆ ಬದುಕು ಸಾವುಗಳೂ ನಿದ್ರೆಯನ್ನು ಅವಲಂಬಿಸಿವೆಯೆಂದು ಆಚಾರ್ಯನು ಎಣಿಕೆ ಮಾಡಿ ಹೇಳಿರುವನು. ಈ 21ನೆಯ ಅಧ್ಯಾಯದ ಮುಖ್ಯ ವಿಷಯ ಅತಿಸ್ಥೂಲರ ಮತ್ತು ಅತಿಕೃಶರ ವಿಚಾರ. ಅದರ ಬೆನ್ನಿಗೇ ನಿದ್ರೆಯ ವಿಚಾರ ಬರುವುದು. ದೇಹ ಬೆಳೆಯುವುದಕ್ಕೂ ಸೊರಗುವುದಕ್ಕೂ ಊಟದಂತೆಯೇ ನಿದ್ರೆಯೂ ಕಾರಣವೆಂಬುದು ಆ ಜೋಡಣೆಯ ತಾತ್ಪರ್ಯ. ಇದು ಮುಂದೆ ಉಪಯೋಗಕ್ಕೆ ಬರುವ ಮಾತಾದುದರಿಂದ ಜ್ಞಾಪಕದಲ್ಲಿರಲಿ.

ಇನ್ನು ಗೊರಕೆಯೆಂದರೇನೆಂಬುದನ್ನು ನೋಡೋಣ. ಮನುಷ್ಯನು ಎಚ್ಚತ್ತಿರುವಾಗ ನಾಲಗೆ, ಮೃದುತಾಲು, ಕಿರುನಾಲಗೆ, ಗಂಟಲಿನ ಗೋಡೆ ಇವುಗಳ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ರೆ ಬಂದೊಡನೆ ಆ ಬಿಗಿ ಸಡಿಲಾಗುವುದು. ಅಂಗಾತ ಮಲಗಿದವನ ನಾಲಗೆ ತನ್ನ ಭಾರದಿಂದಲೇ ಹಿಂದಕ್ಕೆ ಜಾರುವುದು. ದಾರಿ ಕಿರಿದಾದಷ್ಟೂ ಗಾಳಿಯ ವೇಗ ಹೆಚ್ಚು. ಕದದ ಸಂದಿನಲ್ಲಿ ನುಗ್ಗುವ ಗಾಳಿಗೆ ಕಾಗದದ ಚೂರು ಪಟಪಟನೆ ಬಡಿದುಕೊಳ್ಳುವಂತೆ ಮೃದುತಾಲು ಕಿರುನಾಲಗೆಗಳು ಅದುರಿ ಸದ್ದಾಗುವುದು. ಈ ಸದ್ದೇ ಗೊರಕೆ. ಮೂಗು ಕಟ್ಟಿದಾಗ, ಕುತ್ತಿಗೆಯಲ್ಲಿ ಮೇದಸ್ಸು ಸೇರಿದಾಗ, ಮದ್ಯವನ್ನು ಸೇವಿಸಿದಾಗ, ನಿದ್ರೆಯ ಮಾತ್ರೆ ನುಂಗಿದಾಗ ಅದು ಹೆಚ್ಚುವುದು. ಕೆಲವರಿಗೆ ಹುಟ್ಟಿನಿಂದಲೇ ಕೆಳದವಡೆ ಚಿಕ್ಕದು. ಅಂಥವರು ಕಡ್ಡಿಯಂತಿದ್ದರೂ ಗೊರಕೆ ಹೊಡೆಯುವರು.

ಗೊರಕೆಯು ಗಾಢನಿದ್ರೆಯ ಗುರುತೆಂದು ಲೋಕದಲ್ಲಿ ಒಂದು ನಂಬಿಕೆಯುಂಟು. ದಣಿದು ಬಂದ ರೈತ ಕಂಬಳಿ ಹೊದ್ದು ಗೊರಕೆ ತೆಗೆದರೆ, ಪುಣ್ಯವಂತ, ಏನು ಸುಖನಿದ್ರೆ ಎಂದು ಮುದುಕರು ಮೆಚ್ಚುವರು. ನೆಗಡಿಯಾದಾಗಲೋ ಬಹಳ ದಣಿದಾಗಲೋ ಬರುವ, ಒಂದೇ ಏರಿಳಿತದ ಸಣ್ಣ ಗೊರಕೆಗೆ ಹೆದರಬೇಕಾದುದಿಲ್ಲ. ಹೆದರಬೇಕಾದುದು ಸದ್ದಿಗಲ್ಲ, ಸದ್ದಿನ ನಡುವೆ ಬೀಳುವ ಮೌನಕ್ಕೆ. ಗೊರಕೆ ಏರುತ್ತ ಏರುತ್ತ ಹೋಗಿ ಒಮ್ಮೆಗೇ ನಿಲ್ಲುವುದು. ಪಕ್ಕದಲ್ಲಿ ಮಲಗಿದವರು ಸದ್ಯ ನಿಂತಿತಲ್ಲ ಎಂದು ಮಗ್ಗುಲು ಬದಲಿಸುವರು. ಅದೇ ಹೊತ್ತಿನಲ್ಲಿ ಆ ಮನುಷ್ಯನ ಎದೆ ಹೊಟ್ಟೆಗಳು ಉಸಿರಿಗಾಗಿ ಹೆಣಗುತ್ತಿರುತ್ತವೆ. ಗಂಟಲಿನ ದಾರಿ ಪೂರ್ತಿ ಮುಚ್ಚಿರುವುದರಿಂದ ಗಾಳಿ ಮಾತ್ರ ಒಳಗೆ ಹೋಗದು. ರಕ್ತದಲ್ಲಿ ಪ್ರಾಣವಾಯು ಇಳಿಯುವುದು. ಮಿದುಳು ಗಾಬರಿಯಾಗಿ ಅರೆಗಳಿಗೆ ಅವನನ್ನು ಎಬ್ಬಿಸುವುದು. ಗಂಟಲು ಬಿಗಿದುಕೊಂಡು ದಾರಿ ತೆರೆಯುವುದು. ಮುಳುಗಿದವನು ನೀರಿನ ಮೇಲೆ ಬಂದಂತೆ ಸದ್ದು ಮಾಡಿ ಉಸಿರೆಳೆದು ಅವನು ಮತ್ತೆ ನಿದ್ರೆಗೆ ಜಾರುವನು. ಬೆಳಿಗ್ಗೆ ಇದರಲ್ಲಿ ಒಂದೂ ಅವನ ನೆನಪಿನಲ್ಲಿರುವುದಿಲ್ಲ.

ಉಸಿರು 10 ಸೆಕೆಂಡುಗಳಿಗೆ ಕಡಮೆಯಿಲ್ಲದಷ್ಟು ಹೊತ್ತು ನಿಂತರೆ ಅದನ್ನು ಒಂದು ಶ್ವಾಸಸ್ತಂಭವೆಂದು ವೈದ್ಯರು ಎಣಿಸುವರು. ಉಸಿರು ಪೂರ್ತಿ ನಿಲ್ಲದೆ ಬಹಳ ಕ್ಷೀಣವಾದುದನ್ನೂ ಇದರೊಂದಿಗೆ ಕೂಡಿಸಿಕೊಳ್ಳುವರು. ಗಂಟೆಗೆ ಇಂಥವು 5ರಿಂದ 15ರ ವರೆಗೆ ಬಂದರೆ ದೋಷವು ಅಲ್ಪ, 15ರಿಂದ 30ರ ವರೆಗೆ ಮಧ್ಯಮ, 30ಕ್ಕೆ ಮೇಲಾದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ. ಯಾರಾದರೂ ರಾತ್ರಿಯಿಡೀ ಎರಡು ನಿಮಿಷಕ್ಕೊಮ್ಮೆ ಒಬ್ಬನ ಕುತ್ತಿಗೆ ಹಿಸುಕಿ ಬಿಡುತ್ತಿದ್ದರೆ ಅವನು ಬೆಳಿಗ್ಗೆ ಯಾವ ಸ್ಥಿತಿಯಲ್ಲಿ ಏಳುವನೋ ಈ ರೋಗಿಯೂ ಅದೇ ಸ್ಥಿತಿಯಲ್ಲಿ ಏಳುವನು. ಹಿಸುಕಿದವರು ಯಾರೆಂಬುದು ಮಾತ್ರ ಅವನಿಗೆ ತಿಳಿಯದು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ಮೇದಸ್ಸು ಹೆಚ್ಚಿದವನ ಲಕ್ಷಣಗಳನ್ನು ಹೇಳುವಲ್ಲಿ ಸ್ವಲ್ಪ ಶ್ರಮಕ್ಕೇ ಏದುಸಿರು, ಬಾಯಾರಿಕೆ, ಹಸಿವು, ನಿದ್ರೆ, ಬೆವರು ಮೊದಲಾದವುಗಳ ಸಾಲಿನಲ್ಲಿ ‘ಕ್ರಥನ’ವೆಂಬ ಒಂದು ಪದ ಬರುವುದು. ಉಸಿರು ಹಠಾತ್ತಾಗಿ ಕಟ್ಟುವುದೆಂದು ಅದರ ಅರ್ಥ. ನಿದ್ರೆಯ ಆಧಿಕ್ಯವನ್ನೂ ಉಸಿರು ಕಟ್ಟುವುದನ್ನೂ ಒಂದೇ ದೇಹದಲ್ಲಿ ಕಂಡು ಒಂದೇ ಸಾಲಿನಲ್ಲಿ ಬರೆದಿಟ್ಟ ಆ ದೃಷ್ಟಿಯ ಸೂಕ್ಷ್ಮತೆ ಮೆಚ್ಚತಕ್ಕದ್ದು. ಆದರೆ ಎಲ್ಲವೂ ಪೂರ್ವಿಕರಿಗೆ ಗೊತ್ತಿತ್ತೆಂದು ಎದೆ ತಟ್ಟಿಕೊಳ್ಳುವವರ ಗುಂಪಿಗೆ ಪಂಡಿತರು ಸೇರಬಾರದು. ಸುಶ್ರುತನು ಲಕ್ಷಣವನ್ನು ಕಂಡನು. ರಾತ್ರಿಯಲ್ಲಿ ಅದು ಎಷ್ಟು ಸಲ ನಡೆಯುವುದೆಂದು ಅಳೆಯುವ ಸಾಧನ ಅಂದು ಇರಲಿಲ್ಲ. ಆ ಅಳತೆಗೆ ಬಹುಕಾಲ ಹಿಡಿಯಿತು. ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸನು 1836–37ರಲ್ಲಿ ಪ್ರಕಟಿಸಿದ ‘ಪಿಕ್‌ವಿಕ್ ಪೇಪರ್ಸ್’ ಎಂಬ ಕಾದಂಬರಿಯಲ್ಲಿ ಜೋ ಎಂಬ ಸ್ಥೂಲಕಾಯದ ಹುಡುಗನೊಬ್ಬನಿರುವನು. ಹೊತ್ತು ಗೊತ್ತಿಲ್ಲದೆ, ಕೆಲಸದ ನಡುವೆಯೂ ಗೊರಕೆ ಹೊಡೆಯುತ್ತ ನಿದ್ರಿಸುವುದೇ ಅವನ ಸ್ವಭಾವ. ಓದುಗರು ನಕ್ಕರು. 120 ವರ್ಷಗಳ ಮೇಲೆ, 1956ರಲ್ಲಿ, ಅಮೇರಿಕೆಯ ವೈದ್ಯರು ಅದು ಕಾಯಿಲೆಯೆಂದು ವಿವರಿಸಿ ಆ ಕಾದಂಬರಿಯ ಹೆಸರನ್ನೇ ಅದಕ್ಕೆ ಇಟ್ಟರು. 1965ರಲ್ಲಿ ಫ್ರಾನ್ಸಿನಲ್ಲಿಯೂ ಜರ್ಮನಿಯಲ್ಲಿಯೂ ಇಂಥ ರೋಗಿಗಳ ನಿದ್ರೆಯನ್ನು ಯಂತ್ರಗಳಿಂದ ದಾಖಲು ಮಾಡಿದಾಗ ಉಸಿರು ಮತ್ತೆ ಮತ್ತೆ ನಿಲ್ಲುವುದು ಕಣ್ಣಿಗೆ ಕಂಡಿತು. 1976ರಲ್ಲಿ ಸ್ಟ್ಯಾನ್‌ಫರ್ಡಿನ ಗಿಲ್ಮಿನೋ ಮೊದಲಾದವರು ಈ ವ್ಯಾಧಿಗೆ ಸ್ಲೀಪ್ ಆಪ್ನಿಯಾ ಎಂಬ ಹೆಸರನ್ನು ನಿಲ್ಲಿಸಿದರು.

ಈಗ ಮಠದ ಪ್ರವಚನಮಂದಿರಕ್ಕೆ ಬರೋಣ. ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಿರಿ. ವಯಸ್ಸು ಐವತ್ತರ ಮೇಲೆ. ಪೇಟೆಯಲ್ಲಿ ಕಿರಾಣಿ ಅಂಗಡಿ. ದೇಹ ಸ್ವಲ್ಪ ಭಾರ. ಪ್ರತಿ ಸೋಮವಾರವೂ ತಪ್ಪದೆ ಪ್ರವಚನಕ್ಕೆ ಬರುವನು, ಕಂಬಕ್ಕೆ ಒರಗಿ ಕುಳಿತುಕೊಳ್ಳುವನು. ಮಾತು ಆರಂಭವಾಗಿ ಕಾಲುಗಂಟೆಯೊಳಗೆ ಅವನ ತಲೆ ಎದೆಯ ಮೇಲೆ ಬೀಳುವುದು. ಹಿಂದಿನವರು ಮುಸಿಮುಸಿ ನಗುವರು. ಮಡದಿ ಹೆಂಗಸರ ಸಾಲಿನಿಂದ ನೋಡಿ ಕಣ್ಣು ತಗ್ಗಿಸುವಳು. ಹಿರಿಯರೊಬ್ಬರು, ಏನಪ್ಪಾ, ತಮೋಗುಣ ಇಷ್ಟೊಂದು ಬಲಿತಿದೆಯಲ್ಲ ಎಂದು ಎಚ್ಚರಿಕೆಯ ಮಾತು ಹೇಳುವರು. ಅವನಾದರೂ ನಾಚಿಕೆಯಿಂದ ಮುದುಡಿ, ತನ್ನ ಭಕ್ತಿಯಲ್ಲಿಯೇ ಊನವಿದೆಯೆಂದು ತಿಳಿದು, ಉಪವಾಸ ಮಾಡುವನು, ನಸುಕಿನಲ್ಲಿ ಇನ್ನೂ ಒಂದು ಗಂಟೆ ಮುಂಚೆ ಏಳುವನು. ತೂಕಡಿಕೆ ಮತ್ತೂ ಹೆಚ್ಚುವುದು. ಕೊನೆಗೆ ನಾಲ್ಕು ಜನರ ಮುಂದೆ ನಗೆಪಾಟಲಾಗುವುದೇಕೆಂದು ಬರುವುದನ್ನೇ ಬಿಡುವನು.

ತೂಕಡಿಕೆಯನ್ನೆಲ್ಲ ತಮಸ್ಸಿನ ಲೆಕ್ಕಕ್ಕೆ ಬರೆಯುವ ಈ ಪದ್ಧತಿಗೆ ಶಾಸ್ತ್ರದ ಆಧಾರವಿಲ್ಲ. ಚರಕಾಚಾರ್ಯನು ನಿದ್ರೆಯಲ್ಲಿ ಆರು ಬಗೆಗಳನ್ನು ಹೇಳಿರುವನು. ತಮಸ್ಸಿನಿಂದ ಹುಟ್ಟುವುದು, ಕಫದಿಂದ ಹುಟ್ಟುವುದು, ಮನಸ್ಸು ಶರೀರಗಳ ಶ್ರಮದಿಂದ ಬರುವುದು, ಆಗಂತುಕವಾದುದು, ವ್ಯಾಧಿಯನ್ನು ಅನುಸರಿಸಿ ಬರುವುದು, ರಾತ್ರಿಯ ಸ್ವಭಾವದಿಂದ ಬರುವುದು. ಇವುಗಳಲ್ಲಿ ಕಡೆಯದು ಪ್ರಾಣಿಗಳನ್ನು ತಾಯಿಯಂತೆ ಪೋಷಿಸತಕ್ಕದ್ದು. ತಮೋಭವವಾದುದು ಪಾಪಕ್ಕೆ ಮೂಲ. ಉಳಿದ ನಾಲ್ಕನ್ನೂ ವ್ಯಾಧಿಗಳಲ್ಲಿ ಸೇರಿಸಿ ಹೇಳಬೇಕೆಂದು ಅಲ್ಲಿಯೇ ನಿರ್ಣಯವಾಗಿದೆ. ಆರರಲ್ಲಿ ನಾಲ್ಕು ವ್ಯಾಧಿಪಕ್ಷಕ್ಕೆ ಸೇರಿರುವಾಗ, ಕಂಬಕ್ಕೆ ಒರಗಿ ನಿದ್ರಿಸುವ ಆ ಗೃಹಸ್ಥನನ್ನು ಪರೀಕ್ಷಿಸದೆಯೇ ತಾಮಸನೆಂದು ತೀರ್ಪು ಹೇಳುವ ಅಧಿಕಾರ ಯಾರಿಗಿದೆ? ಅವನ ಮಡದಿಯನ್ನು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ರಾತ್ರಿ ಇವರ ಉಸಿರೇ ನಿಂತುಹೋಗುತ್ತದೆ, ಅಲುಗಿಸಿ ಎಬ್ಬಿಸುತ್ತೇನೆ ಎಂದು ಆಕೆ ಹೇಳುತ್ತಿದ್ದಳು. ಎಷ್ಟೋ ಮನೆಗಳಲ್ಲಿ ಇದು ಹೆಂಗಸರಿಗೆ ಮಾತ್ರ ತಿಳಿದಿದ್ದು, ಗಂಡನ ಮಾನ ಹೋದೀತೆಂದು ಅವರು ಬಾಯಿ ಬಿಡದೆ ಇರುವರು.

ತಾನೇ ಗೊರಕೆ ಹೊಡೆಯುವ ಹೆಂಗಸಿನ ಪಾಡು ಇದಕ್ಕಿಂತ ಕಷ್ಟದ್ದು. ಗೊರಕೆಯು ಗಂಡಸರ ಸೊತ್ತೆಂದು ಲೋಕ ತಿಳಿದಿರುವುದರಿಂದ ಆಕೆ ಅದನ್ನು ಮುಚ್ಚಿಡುವಳು; ಮದುವೆಮನೆಗಳಿಗೆ ಹೋದರೆ ಎಲ್ಲರೂ ಮಲಗುವವರೆಗೆ ತಾನು ಎಚ್ಚರವಾಗಿ ಕುಳಿತಿರುವಳು. ಮುಟ್ಟು ನಿಂತ ಮೇಲೆ ಈ ದೋಷವು ಹೆಂಗಸರಲ್ಲಿ ಹೆಚ್ಚುವುದು. ಬೆಳಗಿನ ತಲೆನೋವು, ಸುಸ್ತು, ನಿದ್ರೆ ಬಾರದೆಂಬ ದೂರು, ಮನಸ್ಸಿನ ಕುಗ್ಗು, ಇವುಗಳಾಗಿ ಅದು ಕಾಣಿಸಿಕೊಳ್ಳುವುದರಿಂದ ವೈದ್ಯರೂ ಒಮ್ಮೊಮ್ಮೆ ಎಡವುವರು.

ಈ ವ್ಯಾಧಿಯನ್ನು ಅಲಕ್ಷ್ಯಮಾಡಿದರೆ ತೂಕಡಿಕೆಯೊಂದೇ ಫಲವಾಗಿ ನಿಲ್ಲುವುದಿಲ್ಲ. ರಾತ್ರಿಯುದ್ದಕ್ಕೂ ಪ್ರಾಣವಾಯು ಇಳಿದು ಏರುವಾಗ ಹೃದಯವೂ ರಕ್ತನಾಳಗಳೂ ಪ್ರತಿ ಸಲವೂ ಪೆಟ್ಟು ತಿನ್ನುವುವು. ರಕ್ತದೊತ್ತಡ ಏರುವುದು, ಮೂರು ಬಗೆಯ ಮಾತ್ರೆಗಳಿಗೂ ಬಗ್ಗದ ರಕ್ತದೊತ್ತಡದ ಹಿಂದೆ ಈ ದೋಷವು ಅಡಗಿರುವುದು ಅನೇಕ ಕಡೆ ಕಂಡುಬಂದಿದೆ. ಹೃದಯದ ಬಡಿತ ತಪ್ಪುವುದು, ಪಾರ್ಶ್ವವಾಯು, ಸಕ್ಕರೆ ಕಾಯಿಲೆ ಇವು ಇದರ ಸಂಗಾತಿಗಳು. ಇನ್ನೊಂದು ಅಪಾಯ ರಸ್ತೆಯ ಮೇಲೆ ಕಾದಿರುವುದು. ಹಿಂದಿನ ಕಾಲದಲ್ಲಿ ಗಾಡಿಯವನು ನಿದ್ರೆಹೋದರೆ ಎತ್ತುಗಳು ದಾರಿ ಬಲ್ಲವಾಗಿದ್ದು ಊರು ಮುಟ್ಟಿಸುತ್ತಿದ್ದುವು. ಈಗಿನ ಲಾರಿಗೂ ಬಸ್ಸಿಗೂ ಆ ಬುದ್ಧಿಯಿಲ್ಲ. ವಾಹನ ನಡೆಸುವ ವೃತ್ತಿಯ ಭಕ್ತರು ಅನೇಕರಿದ್ದಾರೆ. ಹೆದ್ದಾರಿಯಲ್ಲಿ ಒಂದೆರಡು ಸಲವಾದರೂ ಕಣ್ಣು ಮುಚ್ಚಿ ಬೆಚ್ಚಿಬಿದ್ದ ಅನುಭವವುಳ್ಳವರು ಮಡದಿಮಕ್ಕಳ ಮುಖ ನೋಡಿಯಾದರೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಪರೀಕ್ಷೆಗೆ ಮುಂಚೆ ಮನೆಯಲ್ಲಿಯೇ ಕೇಳಿಕೊಳ್ಳಬಹುದಾದ ಎಂಟು ಪ್ರಶ್ನೆಗಳನ್ನು ಕೆನಡಾ ದೇಶದ ಟೊರಾಂಟೋ ನಗರದ ವೈದ್ಯರು 2008ರಲ್ಲಿ ಗೊತ್ತುಮಾಡಿದರು. ಗೊರಕೆ ಮುಚ್ಚಿದ ಬಾಗಿಲಾಚೆಗೂ ಕೇಳುವಷ್ಟು ಜೋರೇ, ಹಗಲು ದಣಿವು ನಿದ್ರೆಗಳುಂಟೇ, ಉಸಿರು ನಿಲ್ಲುವುದನ್ನು ಯಾರಾದರೂ ಕಂಡಿರುವರೇ, ರಕ್ತದೊತ್ತಡವಿದೆಯೇ, ದೇಹ ಅತಿಸ್ಥೂಲವೇ, ವಯಸ್ಸು 50ನ್ನು ಮೀರಿದೆಯೇ, ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚೇ, ಗಂಡಸೇ. ಇವುಗಳಲ್ಲಿ ಮೂರಕ್ಕೆ ಹೌದೆಂಬ ಉತ್ತರ ಬಂದರೂ ವೈದ್ಯರನ್ನು ಕಾಣುವುದು ಯುಕ್ತ. ಅಂಗಿ ಹೊಲಿಯುವ ದರ್ಜಿಯ ಟೇಪು ಸಾಕು, ಕುತ್ತಿಗೆಯನ್ನು ಅಳೆಯಲು. ವೈದ್ಯರು ಮಾಡಿಸುವ ಪರೀಕ್ಷೆಯಲ್ಲಿ ನೋವೇನೂ ಇಲ್ಲ. ತಲೆಗೂ ಎದೆಗೂ ತೆಳ್ಳನೆಯ ತಂತಿಗಳನ್ನು ಅಂಟಿಸಿ, ಬೆರಳಿಗೆ ಒಂದು ಚಿಮಟಿಗೆ ಹಾಕಿ, ಒಂದು ರಾತ್ರಿ ಮಲಗಿಸುವರು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದರ ವ್ಯವಸ್ಥೆಯುಂಟು. ಇತರ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ಉಂಟು. ಮನೆಯಲ್ಲಿಯೇ ಕಟ್ಟಿಕೊಂಡು ಮಲಗಬಹುದಾದ ಚಿಕ್ಕ ಉಪಕರಣಗಳೂ ಬಂದಿವೆ.

ಚಿಕಿತ್ಸೆಯಲ್ಲಿ ಮೊದಲು ಮಾಡಬೇಕಾದುದು ಮದ್ಯವನ್ನು ಬಿಡುವುದು. ಭಕ್ತಸಭೆಯಲ್ಲಿ ಈ ಮಾತು ಅನಾವಶ್ಯಕವೆಂದು ತೋರಬಹುದು; ಆದರೂ ಹೇಳಬೇಕು. ಗಂಟಲಿನ ಸ್ನಾಯುಗಳನ್ನು ಅದು ಸಡಿಲಿಸುವುದು. ಎರಡನೆಯದು ಮಗ್ಗುಲಾಗಿ ಮಲಗುವುದು. ನಿದ್ರೆಯಲ್ಲಿ ಅಂಗಾತ ಹೊರಳುವ ಅಭ್ಯಾಸವುಳ್ಳವರು ಬೆನ್ನ ಹಿಂದೆ ಗಟ್ಟಿಯಾದ ದಿಂಬನ್ನಿಟ್ಟುಕೊಳ್ಳಬಹುದು, ಇಲ್ಲವೆ ಅಂಗಿಯ ಬೆನ್ನಿಗೆ ಚೀಲ ಹೊಲಿಸಿ ಒಂದು ಚೆಂಡನ್ನು ಇಡಬಹುದು. ಅಗ್ಗದ ಉಪಾಯವಾದರೂ ಅಲ್ಪದೋಷವುಳ್ಳ ಅನೇಕರಿಗೆ ಇಷ್ಟರಲ್ಲಿಯೇ ಗುಣ ಕಂಡುಬರುವುದು. ಮೂರನೆಯದು ದೇಹದ ಭಾರವನ್ನು ಇಳಿಸುವುದು. ಚರಕನು ಸ್ಥೌಲ್ಯವನ್ನೂ ನಿದ್ರೆಯನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟುದರ ಬೆಲೆ ಇಲ್ಲಿ ತಿಳಿಯುವುದು. 2000ದಲ್ಲಿ ಪ್ರಕಟವಾದ ಒಂದು ದೀರ್ಘ ಪರಿಶೀಲನೆಯಂತೆ, ತೂಕದಲ್ಲಿ ನೂರಕ್ಕೆ 10 ಇಳಿದರೆ ಶ್ವಾಸಸ್ತಂಭಗಳ ಸಂಖ್ಯೆ ಸುಮಾರು ನೂರಕ್ಕೆ 26ರಷ್ಟು ಇಳಿಯುವುದು. ಸ್ಥೂಲನಾದವನಿಗೂ ಕಫಪ್ರಕೃತಿಯವನಿಗೂ ಹಗಲುನಿದ್ರೆಯನ್ನು ಆಚಾರ್ಯರು ನಿಷೇಧಿಸಿರುವರು. ಬೇಸಗೆಯಲ್ಲಿ ಉಳಿದವರಿಗೆ, ಯಾವ ಕಾಲದಲ್ಲಿಯೂ ಬಾಲರು, ವೃದ್ಧರು, ದಾರಿ ನಡೆದು ಬಳಲಿದವರು, ಹಾಡಿ ಓದಿ ದಣಿದವರು ಇವರಿಗೆ ಅದನ್ನು ಒಪ್ಪಿರುವರು. ಮಧ್ಯಾಹ್ನದ ಪ್ರಸಾದವಾದೊಡನೆ ಎಲ್ಲರೂ ಉರುಳಿಕೊಳ್ಳುವ ರೂಢಿಗೆ ಸಮ್ಮತಿಯಿಲ್ಲ.

ಮಧ್ಯಮ ಮತ್ತು ತೀವ್ರ ದೋಷಗಳಿಗೆ ಮುಖ್ಯವಾದ ಉಪಾಯ ಸಿಪ್ಯಾಪ್ ಎಂಬ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿ ನಗರದ ಕಾಲಿನ್ ಸಲಿವನ್ ಎಂಬ ವೈದ್ಯನು ಇದನ್ನು ಕಂಡುಹಿಡಿದು 1981ರಲ್ಲಿ ಪ್ರಕಟಿಸಿದನು. ಮೂಗಿಗೆ ಕಟ್ಟಿದ ಮುಚ್ಚಳದ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಸತತವಾಗಿ ಬರುತ್ತಿದ್ದು, ಕುಸಿಯುವ ಚಪ್ಪರಕ್ಕೆ ಗಳು ಕೊಟ್ಟಂತೆ, ಗಂಟಲಿನ ದಾರಿಯನ್ನು ಎತ್ತಿ ನಿಲ್ಲಿಸುವುದು. ಕಟ್ಟಿಕೊಂಡ ಮೊದಲನೆಯ ರಾತ್ರಿಯೇ ಗೊರಕೆ ನಿಂತು, ಬೆಳಿಗ್ಗೆ ಬೇರೊಂದು ಜನ್ಮವೆತ್ತಿದಂತಾಯಿತೆಂದು ಹೇಳುವವರುಂಟು. ತಿಂಗಳುಗಟ್ಟಲೆ ಒಗ್ಗದೆ ಒದ್ದಾಡುವವರೂ ಉಂಟು. ಮೊಮ್ಮಕ್ಕಳು ಆನೆಯ ಸೊಂಡಿಲೆಂದು ನಗುವರೆಂಬ ಸಂಕೋಚದಿಂದ ಅದನ್ನು ಬೀರುವಿನಲ್ಲಿ ಇಟ್ಟುಬಿಡುವ ಯಜಮಾನರೂ ಇಲ್ಲದಿಲ್ಲ. ಇದು ಕನ್ನಡಕದಂತಹ ಸಾಧನ. ಧರಿಸಿದಾಗ ಮಾತ್ರ ಕೆಲಸ ಮಾಡುವುದು, ಧರಿಸಿದ ಪ್ರತಿ ರಾತ್ರಿಯೂ ಮಾಡುವುದು. ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಕಟ್ಟುಗಳೂ, ತಕ್ಕವರಿಗೆ ಶಸ್ತ್ರಚಿಕಿತ್ಸೆಯೂ ಉಂಟು. ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೆ ಹೋಗುವವರು ತಮಗೆ ಈ ದೋಷವಿರುವುದನ್ನು ಅರಿವಳಿಕೆ ಕೊಡುವ ವೈದ್ಯರಿಗೆ ಮುಂಚಿತವಾಗಿ ತಿಳಿಸಲೇಬೇಕು. ಪೇಟೆಯಲ್ಲಿ ಮಾರುವ ಗೊರಕೆನಿವಾರಕ ಉಂಗುರ, ಪಟ್ಟಿ, ಸಿಂಪಡಿಕೆಗಳಿಗೆ ಹಣ ಸುರಿಯುವುದು ವ್ಯರ್ಥ.

ಇಲ್ಲಿ ಶಂಖದ ವಿಷಯವಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಊದುವ ಉದ್ದನೆಯ ಮರದ ಕೊಳವೆಯೊಂದುಂಟು, ಡಿಜರಿಡೂ ಎಂದು ಹೆಸರು. ಅದನ್ನು ನಾಲ್ಕು ತಿಂಗಳು ಅಭ್ಯಾಸ ಮಾಡಿದವರಿಗೆ ಹಗಲಿನ ತೂಕಡಿಕೆ ಕಡಮೆಯಾಯಿತೆಂದು ಸ್ವಿಟ್ಜರ್ಲೆಂಡಿನ ವೈದ್ಯರು 2006ರಲ್ಲಿ ಪ್ರಕಟಿಸಿದರು. ಅದರ ಜಾಡಿನಲ್ಲಿಯೇ ಜಯಪುರದ ವೈದ್ಯರು ಮಧ್ಯಮದೋಷವುಳ್ಳ 30 ಜನರನ್ನು ತೆಗೆದುಕೊಂಡು, ಕೆಲವರಿಗೆ ಶಂಖವನ್ನೂ ಉಳಿದವರಿಗೆ ದೀರ್ಘಶ್ವಾಸದ ಅಭ್ಯಾಸವನ್ನೂ ಕೊಟ್ಟರು. ವಾರಕ್ಕೆ 5 ದಿನ, ದಿನಕ್ಕೆ 15 ನಿಮಿಷಕ್ಕೆ ಕಡಮೆಯಿಲ್ಲದಂತೆ, ಆರು ತಿಂಗಳು ಊದಿದವರಲ್ಲಿ ಹಗಲಿನ ನಿದ್ರಾಲಸ್ಯ ಸುಮಾರು ಮೂರರಲ್ಲಿ ಒಂದು ಪಾಲು ಇಳಿದು, ಗಂಟೆಗೆ ನಾಲ್ಕೈದು ಶ್ವಾಸಸ್ತಂಭಗಳು ಕಡಮೆಯಾದುವೆಂದು 2025ರಲ್ಲಿ ವರದಿಯಾಯಿತು. ಬಿಗಿಹಿಡಿದ ತುಟಿಗಳಿಂದ ಊದುವಾಗ ಗಂಟಲಿಗೂ ತಾಲುವಿಗೂ ವ್ಯಾಯಾಮವಾಗುವುದೇ ಕಾರಣವಿರಬೇಕು. ಪೂಜಾಕಾಲದಲ್ಲಿ ಶಂಖ ಊದುವ ಸೇವೆಯನ್ನು ಕಿರಿಯರಿಗೆ ಬಿಟ್ಟುಕೊಟ್ಟಿರುವ ಹಿರಿಯರು ಇದನ್ನು ಕೇಳಿ ಮತ್ತೆ ಶಂಖವನ್ನು ಕೈಗೆತ್ತಿಕೊಂಡರೆ ಸಂತೋಷವೇ. ಆದರೆ ಪರಿಶೀಲಿಸಿದವರು 30 ಜನ ಮಾತ್ರ, ತೀವ್ರದೋಷದವರು ಅದರಲ್ಲಿ ಇರಲಿಲ್ಲ. ಗಂಟೆಗೆ 40 ಸಲ ಉಸಿರು ಕಟ್ಟುವವನಿಗೆ ನಾಲ್ಕೈದು ಕಡಮೆಯಾದರೆ ಉಳಿದವು 35. ಶಂಖ ಊದಲಿ, ರಾತ್ರಿ ಯಂತ್ರವನ್ನೂ ಕಟ್ಟಿಕೊಳ್ಳಲಿ.

ಪ್ರಸಾದನಿಲಯದ ಅಧ್ಯಾಪಕರು ಮಕ್ಕಳ ಗೊರಕೆಯ ಕಡೆಗೆ ಲಕ್ಷ್ಯ ಕೊಡತಕ್ಕದ್ದು. ನೆಗಡಿಯಿಲ್ಲದ ದಿನಗಳಲ್ಲಿಯೂ ರಾತ್ರಿರಾತ್ರಿ ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ, ಹಾಸಿಗೆಯಲ್ಲಿ ವಿಚಿತ್ರವಾಗಿ ಕತ್ತು ಹಿಂದಕ್ಕೆ ಚಾಚುವ ಬಾಲಕನಿಗೆ ಬಹುಮಟ್ಟಿಗೆ ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಗಳು ಬೆಳೆದಿರುತ್ತವೆ. ದೊಡ್ಡವರಂತೆ ಅವನು ತೂಕಡಿಸುವುದು ಕಡಮೆ. ಒಂದು ಕಡೆ ಕೂರದೆ ಚಡಪಡಿಸುವನು, ಪಾಠದಲ್ಲಿ ಹಿಂದೆ ಬೀಳುವನು, ಕೆಲವೊಮ್ಮೆ ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವನು. ತುಂಟನೆಂದೂ ದಡ್ಡನೆಂದೂ ಅವನಿಗೆ ಬೆತ್ತದ ಏಟು ಬಿದ್ದುದುಂಟು. ಗಂಟಲಿನ ವೈದ್ಯರಿಗೆ ತೋರಿಸಿ ಆ ಗ್ರಂಥಿಗಳನ್ನು ತೆಗೆಸಿದ ಮೇಲೆ ಹೆಚ್ಚಿನ ಮಕ್ಕಳು ಗುಣಮುಖರಾಗುವರು.

ಇದಕ್ಕೆ ವಿರುದ್ಧವಾದ ದೋಷ ನಿದ್ರಾನಾಶ. ಹಾಸಿಗೆ ಕಂಡರೆ ಎಚ್ಚರವಾಗುವ ಈ ಪೀಡೆಗೆ ಸಂಹಿತೆಗಳು ಹೇಳುವ ಉಪಚಾರಗಳು ಮನೋಹರವಾಗಿವೆ. ಅಭ್ಯಂಗ, ಸ್ನಾನ, ಅಂಗಮರ್ದನ, ಮನಸ್ಸಿಗೆ ಹಿತವಾದ ಸುಗಂಧ ಮತ್ತು ಶಬ್ದ, ಎಮ್ಮೆಯ ಹಾಲು. ಇವುಗಳಿಂದ ಅನೇಕರಿಗೆ ಉಪಕಾರವಾಗುವುದು. ಉಸಿರುಕಟ್ಟುವ ಸ್ಥೂಲಕಾಯನಿಗೆ ಮಾತ್ರ ನಿದ್ರೆ ಸಾಲದೆಂದು ಎಮ್ಮೆಯ ಹಾಲನ್ನೋ ವೈದ್ಯರನ್ನು ಕೇಳದೆ ನಿದ್ರೆಯ ಮಾತ್ರೆಯನ್ನೋ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತಾಗುವುದು.

ಬಹುಕಾಲದ ನಿದ್ರಾನಾಶಕ್ಕೆ ಮಾತ್ರೆಗಿಂತ ಮೊದಲು ಮನಸ್ಸಿನ ಮತ್ತು ಅಭ್ಯಾಸದ ಶಿಕ್ಷಣವನ್ನೇ ಕೊಡಬೇಕೆಂದು ಅಮೇರಿಕೆಯ ವೈದ್ಯಮಂಡಲಿ 2016ರಲ್ಲಿ ವಿಧಿಸಿತು. ಅದರ ಒಂದು ಅಂಗವನ್ನು ಬೂಟ್‌ಜಿನ್ ಎಂಬವನು 1972ರಲ್ಲಿಯೇ ಹೇಳಿದ್ದನು. ನಿದ್ರೆ ಬಂದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಸ್ವಲ್ಪ ಹೊತ್ತಿನಲ್ಲಿ ಬಾರದಿದ್ದರೆ ಎದ್ದು ಹೊರಗೆ ಬಂದು ಕುಳಿತು, ರೆಪ್ಪೆ ಭಾರವಾದಾಗ ಮತ್ತೆ ಹೋಗಬೇಕು. ಎಷ್ಟೇ ಹೊತ್ತಿಗೆ ನಿದ್ರೆ ಬಂದರೂ ಏಳುವ ಹೊತ್ತು ಮಾತ್ರ ತಪ್ಪಕೂಡದು. ಹಾಸಿಗೆಯಲ್ಲಿ ಲೆಕ್ಕಪತ್ರ, ಜಗಳ, ಮೊಬೈಲು ಕೂಡದು. ಕಾಫಿಯ ಸತ್ತ್ವವು ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕಾಗುವುದರಿಂದ, ಸಂಜೆ ಆರಕ್ಕೆ ಕುಡಿದ ಲೋಟದಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ದೇಹದಲ್ಲಿರುವುದು.

ನಸುಕಿನಲ್ಲೆದ್ದು ಪೂಜೆಗೆ ಕುಳಿತುಕೊಳ್ಳುವ ನಿಯಮವುಳ್ಳವರು ಲೆಕ್ಕವನ್ನು ರಾತ್ರಿಯ ಕಡೆಯಿಂದ ಹಾಕಬೇಕು. ಬೆಳೆದವರಿಗೆ 7 ಗಂಟೆಗೆ ಕಡಮೆಯಿಲ್ಲದ ನಿದ್ರೆ ಬೇಕು. ನಾಲ್ಕೂವರೆಗೆ ಏಳುವವನು ಒಂಬತ್ತೂವರೆಗೆ ನಿದ್ರೆಹೋಗಿರಬೇಕು. ಹನ್ನೊಂದರವರೆಗೆ ದೂರದರ್ಶನ ನೋಡಿ, ನಾಲ್ಕೂವರೆಗೆ ಎದ್ದು, ಪೂಜೆಯಲ್ಲಿ ತೂಕಡಿಸಿ, ಆಮೇಲೆ ಏಕಾಗ್ರತೆ ಬಾರದೆಂದು ಗುರುಗಳಲ್ಲಿ ಬಿನ್ನವಿಸಿಕೊಳ್ಳುವುದು ಸರಿಯಲ್ಲ.

ನಡುರಾತ್ರಿಯಲ್ಲಿ ಎಚ್ಚರವಾಗಿ, ಕೈಕಾಲು ಅಲುಗದೆ, ಎದೆಯ ಮೇಲೆ ಯಾರೋ ಕುಳಿತಂತಾಗಿ ಕೂಗಲೂ ಆಗದ ಅನುಭವ ಅನೇಕರಿಗುಂಟು. ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವರು. ಕನಸು ಬೀಳುವ ನಿದ್ರೆಯಲ್ಲಿ ದೇಹ ಚಲಿಸದಂತೆ ಸ್ನಾಯುಗಳಿಗೆ ತಡೆಯಿರುವುದು. ಕನಸಿನ ಈ ನಿದ್ರಾವಸ್ಥೆಯನ್ನು ಷಿಕಾಗೋ ನಗರದಲ್ಲಿ 1953ರಲ್ಲಿ ಕಂಡುಹಿಡಿದರು. ಆ ತಡೆ ಹೋಗುವುದಕ್ಕೆ ಮುಂಚೆಯೇ ಮನಸ್ಸು ಎಚ್ಚತ್ತರೆ ಹೀಗಾಗುವುದು. ಒಂದೆರಡು ನಿಮಿಷದಲ್ಲಿ ತಾನಾಗಿ ಬಿಡುವುದು. ನಿದ್ರೆಗೆಟ್ಟಾಗಲೂ ಅಂಗಾತ ಮಲಗಿದಾಗಲೂ ಹೆಚ್ಚು. ಇದಕ್ಕೆ ಹೆದರಬೇಕಾದುದಿಲ್ಲ. ವಯಸ್ಸಾದವರು ಕನಸಿನಲ್ಲಿ ಒದ್ದು, ಹೊಡೆದು, ಮಂಚದಿಂದ ಬೀಳುವುದು ಬೇರೆ ವಿಷಯ. ಅದು ಮುಂದೆ ಬರಬಹುದಾದ ನರರೋಗದ ಸೂಚನೆಯಾಗಿರಬಹುದಾದ್ದರಿಂದ ನರವೈದ್ಯರಿಗೆ ತೋರಿಸತಕ್ಕದ್ದು.

ಈ ರಾತ್ರಿ ಭಕ್ತರು ಸಾಲಾಗಿ ಮಂದಿರದಲ್ಲಿಯೇ ಮಲಗುವರು. ಪಕ್ಕದವರ ಗೊರಕೆಗೆ ಎಚ್ಚರವಾದವರು ಕಿವಿ ಮುಚ್ಚಿಕೊಳ್ಳುವ ಮುಂಚೆ ಐದು ನಿಮಿಷ ಕಿವಿಗೊಡಲಿ. ಸದ್ದು ನಿಂತಾಗ ಎದೆ ಏರಿಳಿಯುತ್ತಿದ್ದೂ ಉಸಿರು ಕೇಳಿಸದಿದ್ದರೆ ಒಂದರಿಂದ ಎಣಿಸಲಿ. ಹತ್ತು ದಾಟಿದುದು ಎಷ್ಟು ಸಲವೆಂದು ಗುರುತಿಟ್ಟುಕೊಂಡು, ಅವರನ್ನು ಮೆಲ್ಲನೆ ಮಗ್ಗುಲಿಗೆ ಹೊರಳಿಸಲಿ. ಬೆಳಿಗ್ಗೆ ಅದನ್ನು ಜನರ ಮುಂದೆ ಆಡದೆ, ಒಬ್ಬರೇ ಇರುವಾಗ ಕರೆದು ಹೇಳಲಿ. ಮನೆಯವರು ಜೊತೆಗಿದ್ದರೆ ಅವರಿಗೂ ಹೇಳಲಿ. ಯಂತ್ರವನ್ನು ತಂದಿರುವವರಿಗಾಗಿ ವಿದ್ಯುತ್ತಿನ ಪ್ಲಗ್ಗುಗಳಿರುವ ಗೋಡೆಯ ಬದಿಯ ಸ್ಥಳಗಳನ್ನು ಬಿಟ್ಟುಕೊಡತಕ್ಕದ್ದು.